ಸೈಕಲ್ಲಿನ ಆಸನ: ಮೆತ್ತಗಿದ್ದುದೆಲ್ಲ ಸುಖವಲ್ಲ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ಹಿರಿಯರ ಮಾತು. ಸೈಕಲ್ಲಿಗೆ ಸೀಟು ಕೊಳ್ಳುವಾಗ ಮಾತ್ರ ನಮ್ಮ ಜನರು ಈ ವಿವೇಕವನ್ನು ಮರೆತುಬಿಡುತ್ತಾರೆ. ಅಂಗಡಿಯ ಮುಂದೆ ನಿಂತು, ಕಣ್ಣಿಗೆ ಚೆಂದವಾಗಿ ಕಂಡುದನ್ನು, ಹೆಬ್ಬೆರಳಿನಿಂದ ಅದುಮಿದರೆ ಹಂಜಿಯಂತೆ ಒಳಗೆ ಹೋಗುವುದನ್ನು ಆರಿಸಿ ತರುತ್ತಾರೆ. ಪರೀಕ್ಷೆ ಮಾಡಿದ್ದು ಹೆಬ್ಬೆರಳು, ಭಾರ ಹೊತ್ತು ಕೂಡ್ರಬೇಕಾದ್ದು ಇಡೀ ಶರೀರ! ಹೀಗಾಗಿ ಅಂಗಡಿಯಲ್ಲಿ ಹೂವಿನ ಹಾಸಿಗೆಯಂತೆ ತೋರಿದ ಸೀಟು ಹತ್ತು ಮೈಲು ದಾಟುವಷ್ಟರಲ್ಲಿ ಮುಳ್ಳಿನ ಹಾಸಿಗೆಯಾಗುತ್ತದೆ.

ಇದು ಸಣ್ಣ ವಿಷಯ, ಇದರ ಬಗೆಗೆ ಒಂದು ಲೇಖನವೇ ಬೇಕೆ ಎಂದು ಓದುಗ ಬಂಧುಗಳು ಕೇಳಬಹುದು. ವಿಷಯ ಸಣ್ಣದು ನಿಜ, ಅದರ ಪರಿಣಾಮ ಸಣ್ಣದಲ್ಲ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಬಂದು, ವೈದ್ಯರ ಮಾತಿಗೆ ಓಗೊಟ್ಟು ಅರವತ್ತರ ಸಮೀಪದಲ್ಲಿ ಸೈಕಲ್ಲು ಹತ್ತಿದ ಎಷ್ಟೋ ಗೃಹಸ್ಥರನ್ನು ನಾವು ಕಂಡಿದ್ದೇವೆ. ಮೊದಲ ವಾರ ಉತ್ಸಾಹ, ಎರಡನೆಯ ವಾರ ನೋವು, ಮೂರನೆಯ ವಾರದಲ್ಲಿ ಸೈಕಲ್ಲು ಪಡಸಾಲೆಯ ಮೂಲೆ ಸೇರಿ ಅದರ ಹ್ಯಾಂಡಲ್ಲಿನ ಮೇಲೆ ಪಂಚೆ ಒಣಗುತ್ತಿರುತ್ತದೆ. ಕೇಳಿದರೆ “ಈ ವಯಸ್ಸಿಗೆ ಇದೆಲ್ಲ ಆಗದು” ಎನ್ನುತ್ತಾರೆ. ಅನೇಕ ಸಲ ತಪ್ಪು ವಯಸ್ಸಿನದಲ್ಲ, ಒಂಬತ್ತು ಅಂಗುಲದ ಒಂದು ಆಸನದ್ದು.

ದಾರಿ ಮತ್ತು ಲೆಕ್ಕ

ನಮ್ಮ ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಸುಮಾರು 50 ಕಿಲೋಮೀಟರುಗಳ ದಾರಿ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ನಡುವೆ ಮಸ್ಕಿ, ಅದನ್ನು ದಾಟಿ ಮುಂದೆ ಹೋದರೆ ಲಿಂಗಸುಗೂರು, ಅಲ್ಲಿಂದ ಆಚೆ ಹಟ್ಟಿಯ ಚಿನ್ನದ ಗಣಿಯ ಸೀಮೆ. ಆ ಚಿನ್ನದ ಸುಳಿವನ್ನು ಅರಸುತ್ತ ಮಸ್ಕಿಗೆ ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರನೇ 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿ ಸಂಶಯ ಕಳೆದ ಶಾಸನವದು. ಸಿಂಧನೂರಿನ ತರುಣರಿಗೆ ಭಾನುವಾರದ ಸವಾರಿಗೆ ಇದಕ್ಕಿಂತ ಒಳ್ಳೆಯ ಗುರಿ ಬೇರೆ ಬೇಕಿಲ್ಲ.

ಈ ದಾರಿಯನ್ನು ಗಂಟೆಗೆ 15 ಕಿಲೋಮೀಟರಿನಂತೆ ತುಳಿದರೆ ಲಿಂಗಸುಗೂರು ಮುಟ್ಟಲು ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಪೆಡಲು ನಿಮಿಷಕ್ಕೆ 60 ಸಲ ಸುತ್ತಿದರೂ ಒಟ್ಟು 12,000 ಸುತ್ತುಗಳಾದವು. ಒಂದೊಂದು ಸುತ್ತಿಗೂ ಎರಡೂ ತೊಡೆಗಳು ಸೀಟಿನ ಮೂತಿಯ ಪಕ್ಕದಲ್ಲಿ ಒಮ್ಮೊಮ್ಮೆ ಕೆಳಗಿಳಿಯುತ್ತವೆ. ಬಜಾರಿಗೆ ಹೋಗಿ ಕಾಯಿಪಲ್ಯ ತರುವ ಎರಡು ಕಿಲೋಮೀಟರಿನಲ್ಲಿ ಗಮನಕ್ಕೇ ಬಾರದ ಒಂದು ಸಣ್ಣ ಒತ್ತು, ಒಂದು ಹೊಲಿಗೆಯ ಗಂಟು, ಹನ್ನೆರಡು ಸಾವಿರ ಸಲ ಉಜ್ಜಿದಾಗ ಗಾಯವಾಗುತ್ತದೆ. ಆದುದರಿಂದ ಸಮೀಪದ ಓಡಾಟಕ್ಕೆ ಒಪ್ಪುವ ಸೀಟು ದೂರದ ಸವಾರಿಗೆ ಒಪ್ಪಲೇಬೇಕೆಂದಿಲ್ಲ.

ಕೂಡ್ರುವುದು ಯಾವುದರ ಮೇಲೆ?

ಗಟ್ಟಿಯಾದ ಮಣೆಯ ಮೇಲೆ ನೆಟ್ಟಗೆ ಕುಳಿತು, ಎರಡೂ ಅಂಗೈಗಳನ್ನು ಕೆಳಗೆ ಇಟ್ಟುಕೊಂಡು ನೋಡಿರಿ. ಎರಡು ಎಲುಬಿನ ಉಬ್ಬುಗಳು ಕೈಗೆ ಹತ್ತುತ್ತವೆ. ಸೊಂಟದ ಎಲುಬುಗೂಡಿನ ಕೆಳತುದಿಗಳವು. ಅವುಗಳನ್ನು ಆಸನದ ಎಲುಬುಗಳೆಂದು ಕರೆಯೋಣ. ಕುಳಿತಾಗ ಭಾರವನ್ನು ಹೊರಲು ನಿಸರ್ಗವು ಇವುಗಳನ್ನೇ ನೇಮಿಸಿದೆ. ಈ ಎರಡರ ನಡುವೆ ಇರುವುದು ಮೃದುಭಾಗ. ಅಲ್ಲಿ ರಕ್ತನಾಳಗಳೂ ನರಗಳೂ ಹಾದುಹೋಗುತ್ತವೆ. ಭಾರ ಹೊರುವುದು ಅದರ ಕೆಲಸವಲ್ಲ.

ಒಳ್ಳೆಯ ಸೀಟಿನ ಮರ್ಮವೆಲ್ಲ ಇಷ್ಟೇ: ಎಲುಬಿನ ಭಾರ ಎಲುಬಿಗೆ ಸೇರಬೇಕು, ಮೃದುಭಾಗಕ್ಕೆ ಬಿಡುವು ಸಿಗಬೇಕು. ಅತಿಯಾದ ಸ್ಪಂಜು ತುಂಬಿದ ಸೀಟು ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಆಸನದ ಎಲುಬುಗಳು ಸ್ಪಂಜಿನೊಳಗೆ ಇಳಿಯುತ್ತವೆ. ಇಳಿದಾಗ ನಡುವಿನ ಸ್ಪಂಜು ಮೇಲಕ್ಕೆ ಉಬ್ಬಿ ಮೃದುಭಾಗವನ್ನೇ ಒತ್ತುತ್ತದೆ. ಹಸಿ ಎರೆಮಣ್ಣಿನಲ್ಲಿ ಕಾಲಿಟ್ಟರೆ ಬೆರಳುಗಳ ಸಂದಿನಲ್ಲಿ ಕೆಸರು ಮೇಲೆದ್ದು ಬರುವುದಿಲ್ಲವೇ, ಹಾಗೆ. ಮೊದಲ ಅರ್ಧ ಗಂಟೆ ಹಿತವೆನಿಸುತ್ತದೆ. ಆಮೇಲೆ ಉರಿ, ಜೋಮು, ನೋವು. ಸೀಟಿನ ಮೇಲೆ ಮತ್ತೊಂದು ಜೆಲ್ಲಿನ ಕವರು ಹಾಕಿದರೆ ರೋಗಕ್ಕೆ ರೋಗವನ್ನೇ ಮದ್ದೆಂದು ಕೊಟ್ಟಂತಾಗುವುದು.

ಪತಂಜಲಿಯು ಯೋಗಶಾಸ್ತ್ರದಲ್ಲಿ ಆಸನಕ್ಕೆ ಸ್ಥಿರತೆ ಮತ್ತು ಸುಖ ಎಂಬ ಎರಡು ಲಕ್ಷಣಗಳನ್ನು ಹೇಳುತ್ತಾನೆ, ಅದರಲ್ಲಿಯೂ ಸ್ಥಿರತೆಯನ್ನು ಮೊದಲು ಹೇಳುತ್ತಾನೆ. ಆತನು ಸೈಕಲ್ಲನ್ನು ಕಂಡವನಲ್ಲ, ಆದರೂ ಮಾತು ಇಲ್ಲಿಗೂ ಸಲ್ಲುತ್ತದೆ. ಅಲುಗಾಡುವ, ಕುಸಿಯುವ ಆಧಾರದ ಮೇಲೆ ಬಹುಹೊತ್ತು ಸುಖ ನಿಲ್ಲದು. ವಿಜಯಪುರ, ಬಾಗಲಕೋಟೆಗಳ ಕಡೆಯ ಸೈಕಲ್ ಪಟುಗಳ ಸೀಟನ್ನು ನೋಡಿ “ಹಲಗೆಯ ಹಾಗಿದೆ, ಇದರ ಮೇಲೆ ಹೇಗೆ ಕೂಡ್ರುತ್ತಾರೋ!” ಎಂದು ಬೆರಗಾಗುವವರಿಗೆ ಉತ್ತರ ಇದರಲ್ಲಿಯೇ ಇದೆ.

ಅಗಲದ ಲೆಕ್ಕ

ಮೆತ್ತಗಿದೆಯೇ ಎಂದು ಕೇಳುವ ಮೊದಲು ಅಗಲ ಸರಿಯಿದೆಯೇ ಎಂದು ಕೇಳಬೇಕು. ಸೀಟು ಇಕ್ಕಟ್ಟಾದರೆ ಎಲುಬುಗಳು ಅದರ ಅಂಚಿನಿಂದ ಹೊರಗೆ ಜಾರಿ ಭಾರವೆಲ್ಲ ನಡುವಿಗೆ ಬೀಳುತ್ತದೆ. ತೀರ ಅಗಲವಾದರೆ ತೊಡೆಗಳ ಒಳಬದಿ ಉಜ್ಜಿ ಚರ್ಮ ಕಿತ್ತುಬರುತ್ತದೆ.

ಅಳತೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಫ್ಯಾನು, ಟಿ.ವಿ.ಗಳು ಬರುವ ಪೆಟ್ಟಿಗೆಯ ಒಳಗೆ ಅಲೆಯಲೆಯಾದ ಪದರವಿರುವ ರಟ್ಟಿನ ಒಂದು ತುಂಡನ್ನು ಗಟ್ಟಿಯಾದ ಮಣೆಯ ಮೇಲೆ ಇಡಿರಿ. ತೆಳ್ಳನೆಯ ಬಟ್ಟೆಯುಟ್ಟು ಅದರ ಮೇಲೆ ಕುಳಿತು, ಸೈಕಲ್ಲಿನ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ, ಒಂದು ನಿಮಿಷ ಹಾಗೆಯೇ ಇರಿ. ಎದ್ದು ನೋಡಿದರೆ ರಟ್ಟಿನ ಮೇಲೆ ಎರಡು ತಗ್ಗುಗಳು ಬಿದ್ದಿರುತ್ತವೆ. ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿದಾಗ ತಿಳಿಯುತ್ತವೆ. ಒಂದು ತಗ್ಗಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಪಟ್ಟಿಯಿಂದ ಅಳೆಯಿರಿ. ಬಹುಮಂದಿಗೆ ಇದು ಸುಮಾರು 10ರಿಂದ 14 ಸೆಂಟಿಮೀಟರಿನ ಒಳಗೆ ಬರುತ್ತದೆ. ಅದಕ್ಕೆ ಸುಮಾರು 2 ಸೆಂಟಿಮೀಟರು ಕೂಡಿಸಿದರೆ ಮುಂದಕ್ಕೆ ಬಾಗಿ ತುಳಿಯುವವರಿಗೆ ಬೇಕಾದ ಸೀಟಿನ ಹಿಂಬದಿಯ ಅಗಲ ದೊರೆಯುತ್ತದೆ. ನೆಟ್ಟಗೆ ಕೂಡ್ರುವವರಿಗೆ ಇನ್ನೂ ಹೆಚ್ಚು ಬೇಕು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಈ ಅಳತೆಗೂ ಮೈಯ ದಪ್ಪಕ್ಕೂ ಸಂಬಂಧವಿಲ್ಲ. ದಪ್ಪ ಮೈಯವರ ಎಲುಬಿನ ಅಂತರ ಕಡಿಮೆಯಿರಬಹುದು, ತೆಳ್ಳಗಿನವರದು ಹೆಚ್ಚಿರಬಹುದು. “ಇವರು ಭಾರಿ ಆಳು, ಭಾರಿ ಸೀಟು ಕೊಡು” ಎಂಬ ಅಂಗಡಿಯ ನ್ಯಾಯ ನಡೆಯದು.

ನೆಟ್ಟಗಿನ ಬೆನ್ನು, ಬಾಗಿದ ಬೆನ್ನು

ನಮ್ಮ ಹಿರಿಯರು ತುಳಿದ ಕರಿಯ ಬಣ್ಣದ ದೊಡ್ಡ ಸೈಕಲ್ಲುಗಳನ್ನು ನೆನಪಿಸಿಕೊಳ್ಳಿರಿ. ಹ್ಯಾಂಡಲ್ಲು ಸವಾರನ ಕಡೆಗೆ ತಿರುಗಿರುತ್ತಿತ್ತು, ಬೆನ್ನು ನೆಟ್ಟಗಿರುತ್ತಿತ್ತು, ಭಾರವೆಲ್ಲ ಸೀಟಿನ ಹಿಂಬದಿಗೆ ಬೀಳುತ್ತಿತ್ತು. ಅದಕ್ಕೆ ತಕ್ಕಂತೆ ಅಗಲವಾದ, ಕೆಳಗೆ ಎರಡು ದಪ್ಪ ಸ್ಪ್ರಿಂಗುಗಳಿದ್ದ ಸೀಟನ್ನು ಜೋಡಿಸಿರುತ್ತಿದ್ದರು. ಆ ಸೈಕಲ್ಲಿಗೆ ಅದೇ ಯೋಗ್ಯ. ಈಗ ಮಕ್ಕಳು ಬಯಸುವ ಗೇರಿನ ಸೈಕಲ್ಲಿನಲ್ಲಿ ಹ್ಯಾಂಡಲ್ಲು ನೇರವಾಗಿ ಮುಂದಕ್ಕಿದೆ, ಸವಾರನು ಬಾಗುತ್ತಾನೆ, ಭಾರದಲ್ಲಿ ಒಂದು ಪಾಲು ಕೈಗೂ ಒಂದು ಪಾಲು ಪೆಡಲಿಗೂ ಹಂಚಿಹೋಗುತ್ತದೆ. ಅದಕ್ಕೆ ಕಡಿಮೆ ಅಗಲದ, ಉದ್ದನೆಯ, ನಡುವೆ ಕಾಲುವೆಯಂತೆ ತಗ್ಗು ಅಥವಾ ಸೀಳು ಇರುವ ಸೀಟು ಒಪ್ಪುತ್ತದೆ. ಆ ತಗ್ಗು ಅಲಂಕಾರಕ್ಕಾಗಿ ಇಟ್ಟುದಲ್ಲ, ಮೃದುಭಾಗದ ಬಿಡುವಿಗಾಗಿ ಇಟ್ಟದ್ದು.

ಹಳೆಯ ಸೈಕಲ್ಲಿನ ಅಗಲ ಸೀಟನ್ನು ಗೇರಿನ ಸೈಕಲ್ಲಿಗೆ, ಗೇರಿನ ಸೈಕಲ್ಲಿನ ಇಕ್ಕಟ್ಟು ಸೀಟನ್ನು ಹಳೆಯ ಸೈಕಲ್ಲಿಗೆ ಹಾಕಿಸುವವರು ಎತ್ತಿನ ನೊಗವನ್ನು ಕುದುರೆಗೆ ಹೂಡಿದಂತೆ ಮಾಡುತ್ತಾರೆ. ಇನ್ನೊಂದು ತೊಡಕೂ ಉಂಟು. ಇಂದಿನ ಸೀಟುಗಳ ಅಡಿಯಲ್ಲಿ ಸಾಮಾನ್ಯವಾಗಿ 7 ಮಿಲಿಮೀಟರು ದಪ್ಪದ ಎರಡು ಕಂಬಿಗಳಿರುತ್ತವೆ. ಹಳೆಯ ಸೈಕಲ್ಲಿನ ಕ್ಲಾಂಪಿಗೆ ಅವು ಹೊಂದುತ್ತವೆಯೇ ಎಂದು ನೋಡಿಯೇ ಹಣ ಕೊಡಬೇಕು.

ತೊಗಲು, ರೆಕ್ಸಿನ್ನು, ಜೆಲ್ಲು

ತೊಗಲಿನ ಸೀಟಿಗೆ ಒಂದು ಹಳೆಯ ಚರಿತ್ರೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಎಂಬಾತನು 1866ರಲ್ಲಿ ತೊಗಲಿನ ಸಾಮಾನುಗಳ ಉದ್ಯೋಗ ಹೂಡಿದನು. ತನ್ನ ಕುದುರೆ ಸತ್ತುಹೋಗಲು ಸೈಕಲ್ಲನ್ನು ಎರವಲು ತಂದು ಕೆಲಸಕ್ಕೆ ಹೋಗುತ್ತಿದ್ದನೆಂದೂ, ಅದರ ಸೀಟಿನ ಬಾಧೆ ತಾಳಲಾರದೆ ಹೊಸದನ್ನು ಕಲ್ಪಿಸಿದನೆಂದೂ ಆ ಸಂಸ್ಥೆಯವರು ಹೇಳಿಕೊಂಡು ಬಂದಿದ್ದಾರೆ. 1882ರಲ್ಲಿ ಆತನು ತನ್ನ ಸೀಟಿಗೆ ಪೇಟೆಂಟ್ ಪಡೆದನು. ಆ ಹೆಸರಿನ ತೊಗಲಿನ ಸೀಟುಗಳು ಇಂದಿಗೂ ತಯಾರಾಗುತ್ತವೆ. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ 1,200 ಕಿಲೋಮೀಟರುಗಳ ಸವಾರಿ ನಡೆಯುತ್ತದೆ. ಅದನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕು. 2023ರಲ್ಲಿ ನಡೆದ ಆ ಸವಾರಿಗೆ ಭಾರತದಿಂದಲೂ ಹಲವರು ಹೋಗಿದ್ದರು. ಇಂಥ ದೂರದ ಸವಾರರಲ್ಲಿ ತೊಗಲಿನ ಸೀಟನ್ನೇ ನೆಚ್ಚಿದವರು ಇಂದಿಗೂ ಉಂಟು.

ತೊಗಲಿನ ಗುಣವೆಂದರೆ, ಅದು ಮೊದಲು ಬಿರುಸಾಗಿದ್ದು ನಾಲ್ಕಾರು ನೂರು ಕಿಲೋಮೀಟರುಗಳ ಬಳಕೆಯಲ್ಲಿ ಒಡೆಯನ ಎಲುಬುಗಳ ಗುರುತನ್ನು ತನ್ನಲ್ಲಿ ಮೂಡಿಸಿಕೊಳ್ಳುತ್ತದೆ. ಹೊಸ ಚಪ್ಪಲಿ ಕಾಲಿಗೆ ಒಗ್ಗುವ ರೀತಿಯದು. ಬೆವರನ್ನು ಹೀರುವುದರಿಂದ ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಹಿತಕರ. ದೋಷವೆಂದರೆ ಬೆಲೆ ಹೆಚ್ಚು, ಆರೈಕೆ ಬೇಕು. ಮಳೆಯಲ್ಲಿ ನೆನೆದರೆ ಆಕಾರ ಕೆಡುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಚೀಲ ಹೊದಿಸಬೇಕು. ಆಗಾಗ ತೊಗಲಿಗೆಂದೇ ಮಾಡಿದ ಮೇಣವನ್ನು ಸವರಬೇಕು. ಜೋತುಬಿದ್ದಾಗ ಮೂತಿಯ ಅಡಿಯ ತಿರುಪನ್ನು ಸ್ವಲ್ಪವೇ ಬಿಗಿಯಬೇಕು, ಅತಿಯಾದರೆ ತೊಗಲು ಹರಿಯುತ್ತದೆ.

ತೊಗಲನ್ನು ಬಳಸಲೊಲ್ಲದ ಮನೆಗಳೂ ನಮ್ಮಲ್ಲಿ ಉಂಟು. ಅಂಥವರು ಚಿಂತಿಸಬೇಕಾದ್ದಿಲ್ಲ. ಗಟ್ಟಿಯಾದ ತಳದ ಮೇಲೆ ಬಿರುಸಾದ, ತೆಳುವಾದ ಫೋಮ್ ಹಾಸಿ ರೆಕ್ಸಿನ್ನು ಅಥವಾ ಬಟ್ಟೆ ಹೊದಿಸಿದ ಸೀಟುಗಳು ದೂರದ ಸವಾರಿಗೆ ಚೆನ್ನಾಗಿಯೇ ಸಲ್ಲುತ್ತವೆ. ಹೊಲಿಗೆಯ ಗಂಟುಗಳು ಕೂಡ್ರುವ ಜಾಗದಲ್ಲಿ ಬಾರದಂತೆ ನೋಡಿಕೊಂಡರಾಯಿತು. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಕರಿಯ ರೆಕ್ಸಿನ್ನು ಕಾದ ಹಂಚಿನಂತಾಗುತ್ತದೆ. ನೆರಳಿಲ್ಲದ ಕಡೆ ಒಂದು ಹತ್ತಿಯ ವಸ್ತ್ರ ಹೊದಿಸಿ ಹೋಗುವುದು ಲೇಸು. ಜೆಲ್ಲಿನ ದಪ್ಪ ಸೀಟನ್ನು ನಾವು ಪೂರ್ತಿ ನಿಂದಿಸುವುದಿಲ್ಲ. ಅರ್ಧ ಗಂಟೆಯೊಳಗಿನ ಓಡಾಟಕ್ಕೆ ಅದು ಸಾಕು, ಮಸ್ಕಿಯ ದಾರಿಗೆ ಸಾಲದು.

ಕೊಳ್ಳುವ ಮುನ್ನ ಪಾನಾ ಹಿಡಿಯಿರಿ

ಎಷ್ಟೋ ಸಲ ಹೊಸ ಸೀಟೇ ಬೇಕಿರುವುದಿಲ್ಲ. ಇದ್ದುದನ್ನು ಸರಿಯಾಗಿ ಕೂಡ್ರಿಸಿದರೆ ಸಾಕು. ಒಂದು ಪಾನಾ, ಗೌಂಡಿಯವರ ಹತ್ತಿರವಿರುವ ರಸಮಟ್ಟ, ತೂಗುಗುಂಡು ಇಷ್ಟಿದ್ದರೆ ಕೆಲಸವಾಗುತ್ತದೆ.

ಮೊದಲನೆಯದು ಎತ್ತರ. ಗೋಡೆ ಹಿಡಿದು ಸೈಕಲ್ಲಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿರಿ. ಪೆಡಲು ತೀರ ಕೆಳಗಿದ್ದಾಗ ಮೊಣಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಸೀಟು ತಗ್ಗಾದರೆ ಭಾರವೆಲ್ಲ ಸೀಟಿಗೆ ಬಿದ್ದು ಮೊಣಕಾಲೂ ನೋಯುತ್ತದೆ. ಎತ್ತರವಾದರೆ ಸೊಂಟ ಎಡಬಲಕ್ಕೆ ತೂಗಾಡಿ ಚರ್ಮ ಉಜ್ಜುತ್ತದೆ. ಎತ್ತರಿಸುವಾಗ ಸೀಟಿನ ಪಿಲ್ಲರಿನ ಮೇಲೆ ಕೊರೆದ ಗುರುತಿಗಿಂತ ಹೆಚ್ಚು ಹೊರಗೆಳೆಯಬಾರದು, ಮುರಿಯುವ ಅಪಾಯವಿದೆ.

ಎರಡನೆಯದು ಮಟ್ಟ. ಸೀಟಿನ ಮೇಲೆ ಒಂದು ಪಟ್ಟಿಯನ್ನಿಟ್ಟು ಅದರ ಮೇಲೆ ರಸಮಟ್ಟವಿಡಿರಿ. ಗುಳ್ಳೆ ನಡುವಿಗೆ ಬರಲಿ. ಮೂತಿ ಮೇಲಕ್ಕೆದ್ದರೆ ಮೃದುಭಾಗಕ್ಕೆ ಒತ್ತು ಬೀಳುತ್ತದೆ. ಬಹಳ ಕೆಳಗಾದರೆ ಸವಾರನು ಮುಂದಕ್ಕೆ ಜಾರಿ ಅಂಗೈಗಳು ಜೋಮು ಹಿಡಿಯುತ್ತವೆ. ಬೇಕೆನಿಸಿದರೆ ಕೂದಲೆಳೆಯಷ್ಟು ಕೆಳಗೆ ಮಾಡಬಹುದು.

ಮೂರನೆಯದು ಹಿಂದುಮುಂದು. ಎರಡೂ ಪೆಡಲುಗಳು ನೆಲಕ್ಕೆ ಸಮಾನವಾಗಿ ನಿಂತಾಗ ಮುಂದಿನ ಮೊಣಕಾಲ ಚಿಪ್ಪಿನ ಕೆಳಗಿನಿಂದ ತೂಗುಗುಂಡನ್ನು ಬಿಟ್ಟರೆ ಅದು ಪೆಡಲಿನ ಅಚ್ಚಿನ ಸಮೀಪಕ್ಕೆ ಬರಬೇಕು. ಇದು ಕಟ್ಟಳೆಯಲ್ಲ, ಪ್ರಾರಂಭಕ್ಕೊಂದು ಅಂದಾಜು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎರಡು ಮೂರು ದಿನ ತುಳಿದು ನೋಡಬೇಕು. ಮೂರನ್ನೂ ಒಮ್ಮೆಗೇ ತಿರುವಿದರೆ ಹಿತವಾದದ್ದು ಯಾವುದರಿಂದ, ಅಹಿತವಾದದ್ದು ಯಾವುದರಿಂದ ಎಂಬುದು ತಿಳಿಯದು.

ಉಡುಪಿನ ಕಡೆಗೂ ಗಮನವಿರಲಿ. ಜೀನ್ಸಿನ ದಪ್ಪ ಹೊಲಿಗೆ ದೂರದ ಸವಾರಿಗೆ ವೈರಿ. ಕಚ್ಚೆಯ ಮುದ್ದೆಯೂ ಹಾಗೆಯೇ. ಸೈಕಲ್ ಸವಾರಿಗೆಂದೇ ಮೆತ್ತೆ ಹೊಲಿದ ಚಡ್ಡಿಗಳು ಸಿಗುತ್ತವೆ. ಅವುಗಳನ್ನು ಒಳ ಉಡುಪಿಲ್ಲದೆ ಮೈಗೆ ತಾಗಿಸಿಯೇ ಹಾಕಿಕೊಳ್ಳಬೇಕು, ಪ್ರತಿ ಸಲವೂ ಒಗೆಯಬೇಕು. ಅದರ ಮೇಲೆ ಪೈಜಾಮವನ್ನೋ ಸಲ್ವಾರನ್ನೋ ತೊಡಲು ಅಡ್ಡಿಯಿಲ್ಲ.

ಜೋಮನ್ನು ಕಡೆಗಣಿಸಬೇಡಿರಿ

ಹೊಸ ಸವಾರನಿಗೆ ಆಸನದ ಎಲುಬುಗಳ ಮೇಲೆ ಒಂದೆರಡು ವಾರ ಸಣ್ಣ ನೋವು ಕಾಣಿಸಿಕೊಳ್ಳುವುದು ಸಹಜ, ರೂಢಿಯಾದಂತೆ ಹೋಗುತ್ತದೆ. ಆದರೆ ನಡುಭಾಗದಲ್ಲಿ ಜೋಮು ಹಿಡಿಯುವುದು, ಸ್ಪರ್ಶ ತಿಳಿಯದಂತಾಗುವುದು ಬೇರೆಯೇ ಸಂಗತಿ. ಅದು ನರ ಮತ್ತು ರಕ್ತನಾಳಗಳ ಮೇಲೆ ಒತ್ತು ಬೀಳುತ್ತಿದೆಯೆಂಬ ಸೂಚನೆ. ಸಹಿಸಿಕೊಂಡು ಹೋಗುವುದು ಶೌರ್ಯವಲ್ಲ. ಅಮೆರಿಕದಲ್ಲಿ ಸೈಕಲ್ಲಿನ ಮೇಲೆ ಗಸ್ತು ತಿರುಗುವ 90 ಜನ ಪೊಲೀಸರಿಗೆ ಆರು ತಿಂಗಳ ಕಾಲ ಮೂತಿಯಿಲ್ಲದ ಸೀಟನ್ನು ಕೊಟ್ಟು ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೃದುಭಾಗದ ಒತ್ತಡವೂ ಜೋಮೂ ಬಹಳ ಮಟ್ಟಿಗೆ ಇಳಿದುದು ಕಂಡುಬಂದಿತು. ಸೀಟಿನ ಆಕಾರವೇ ಕಾರಣವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲುಗಳ ಮೇಲೆ ಎದ್ದು ನಿಂತು ಕೆಲವು ಕ್ಷಣ ತುಳಿದರೆ ರಕ್ತಸಂಚಾರ ಮರಳುತ್ತದೆ. ತಗ್ಗುದಿಣ್ಣೆ ಬಂದಾಗಲೂ ತುಸು ಏಳಬೇಕು. ಸೀಟು ಸರಿಪಡಿಸಿದ ಮೇಲೂ ಜೋಮು ನಿಲ್ಲದಿದ್ದರೆ ಸವಾರಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶಜ್ಞಾನ ಕಡಿಮೆಯಿರಬಹುದು. ಅವರು ಸವಾರಿಯ ನಂತರ ಚರ್ಮದಲ್ಲಿ ಗಾಯ, ಗುಳ್ಳೆಗಳಿವೆಯೇ ಎಂದು ನೋಡಿಕೊಳ್ಳುವುದು ಅವಶ್ಯ. ಹಿರಿಯ ಪುರುಷರು ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸುವುದಿದ್ದರೆ ಅದಕ್ಕೆ ಮುಂಚೆ ಎರಡು ದಿನ ಸೈಕಲ್ಲು ತುಳಿಯದಿರುವುದು ಒಳ್ಳೆಯದು.

ತಾಯಂದಿರಿಗೊಂದು ಮಾತು

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಗಳಿಂದ ಪ್ರೌಢಶಾಲೆಗೆ ಬರುವ ಹೆಣ್ಣುಮಕ್ಕಳಿಗೆ ಅದು ಎಷ್ಟು ದೊಡ್ಡ ಆಸರೆಯಾಯಿತೆಂಬುದನ್ನು ಈ ಭಾಗದ ರಸ್ತೆಗಳೇ ಹೇಳುತ್ತಿದ್ದವು. ಎಂಟರಿಂದ ಹತ್ತಕ್ಕೆ ಹೋಗುವಷ್ಟರಲ್ಲಿ ಮಗು ಗೇಣುದ್ದ ಬೆಳೆಯಬಹುದು, ಸೀಟು ಮಾತ್ರ ಕೊಟ್ಟ ದಿನ ಎಲ್ಲಿತ್ತೋ ಅಲ್ಲಿಯೇ ಇರುತ್ತಿತ್ತು! ಸೈಕಲ್ಲು ಸರ್ಕಾರ ಕೊಟ್ಟಿರಲಿ, ತಾವೇ ಕೊಡಿಸಿರಲಿ, ಆರು ತಿಂಗಳಿಗೊಮ್ಮೆ ಸೀಟಿನ ಎತ್ತರ ನೋಡುವುದು ಮನೆಯವರ ಕೆಲಸ.

ಸಾಮಾನ್ಯವಾಗಿ ಹೆಣ್ಣುಮಕ್ಕಳ ಆಸನದ ಎಲುಬುಗಳ ಅಂತರ ಗಂಡಸರಿಗಿಂತ ಹೆಚ್ಚು. ಆದ್ದರಿಂದ ತುಸು ಅಗಲವಾದ, ಮೂತಿ ಗಿಡ್ಡವಾದ ಸೀಟು ಅನೇಕರಿಗೆ ಹಿತವಾಗುತ್ತದೆ. ಅಣ್ಣನ ಸೈಕಲ್ಲನ್ನು ತಂಗಿಗೆ ಕೊಟ್ಟಾಗ ಸೀಟನ್ನೂ ಅವಳ ಅಳತೆಗೆ ನೋಡಬೇಕು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಭಾಗದ ನೋವನ್ನು ಬಾಯಿಬಿಟ್ಟು ಹೇಳಲು ನಮ್ಮ ಹುಡುಗಿಯರು ನಾಚುತ್ತಾರೆ. ನೋವೆಂದು ಹೇಳುವುದಿಲ್ಲ, “ಸೈಕಲ್ಲು ಬೇಡ, ಬಸ್ಸಿಗೆ ಹೋಗುತ್ತೇನೆ” ಎನ್ನುತ್ತಾರೆ. ಬಸ್ಸಿಲ್ಲದ ಊರಿನಲ್ಲಿ ಆ ಮಾತಿನ ಅರ್ಥ ಶಾಲೆ ತಪ್ಪುವುದೆಂದೇ ಆಗಬಹುದು. ತಾಯಂದಿರು ತಾವಾಗಿಯೇ ಮೆಲ್ಲನೆ ಕೇಳಬೇಕು. ಒಂದು ಪಾನಾದ ಎರಡು ತಿರುವಿನಿಂದ ಹೋಗುವ ನೋವಿಗೆ ಒಂದು ಓದು ನಿಲ್ಲಬಾರದು.

ಕಡೆಯ ಮಾತು

ಆದುದರಿಂದ ಕ್ರಮವನ್ನು ನೆನಪಿಡಿರಿ. ಮೊದಲು ಇದ್ದ ಸೀಟಿನ ಎತ್ತರ, ಮಟ್ಟ, ಹಿಂದುಮುಂದುಗಳನ್ನು ಸರಿಪಡಿಸಿರಿ. ಆಗಲೂ ನೋವು ಹೋಗದಿದ್ದರೆ ರಟ್ಟಿನ ಮೇಲೆ ಅಳತೆ ತೆಗೆದು, ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ. ಪರಿಚಯದ ಅಂಗಡಿಯಾಗಿದ್ದರೆ ನಾಲ್ಕು ದಿನ ತುಳಿದು ನೋಡಿ, ಒಪ್ಪದಿದ್ದರೆ ಬದಲಿಸಿಕೊಡುವ ಮಾತನ್ನು ಮೊದಲೇ ಆಡಿಕೊಳ್ಳಿರಿ. ಹೊಸ ಸೀಟಿನ ಮೇಲೆ ಮೊದಲ ದಿನವೇ ಲಿಂಗಸುಗೂರಿಗೆ ಹೊರಡಬೇಡಿರಿ. ಒಂದು ವಾರ ಊರಿನ ಸುತ್ತ, ಮುಂದಿನ ವಾರ ಮಸ್ಕಿಯವರೆಗೆ, ಮೈ ಒಗ್ಗಿದ ಮೇಲೆ ಪೂರ್ತಿ ದಾರಿ.

ಇಷ್ಟನ್ನು ಮಾಡಿದವನು ದಾರಿಯಲ್ಲಿ ಸೀಟನ್ನು ಮರೆತೇಬಿಡುತ್ತಾನೆ. ಹಾಗೆ ಮರೆತುಹೋಗುವುದೇ ಒಳ್ಳೆಯ ಆಸನದ ಲಕ್ಷಣ. ಆಗ ಕಣ್ಣು ಗದ್ದೆಯ ಹಸಿರಿನ ಮೇಲೆ, ಕಿವಿ ಹಕ್ಕಿಯ ದನಿಯ ಮೇಲೆ, ಎಚ್ಚರ ಹಿಂದಿನಿಂದ ಬರುವ ಲಾರಿಯ ಮೇಲೆ ಇರುತ್ತದೆ. ಪಡಸಾಲೆಯ ಮೂಲೆಯಲ್ಲಿ ಪಂಚೆ ಹೊತ್ತು ನಿಂತಿರುವ ಸೈಕಲ್ಲುಗಳನ್ನು ಮನೆಮನೆಯವರೂ ಈ ವಾರವೇ ಹೊರಗೆ ತಂದು, ಧೂಳು ಒರೆಸಿ, ಮೊದಲು ಅವುಗಳ ಸೀಟಿಗೆ ಪಾನಾ ಹಾಕಲಿ ಎಂದು ಆಶಿಸುತ್ತೇವೆ.